ಒಂದೇ ದಿನ ಕೊಂಡ ಎರಡು ಪ್ರೊಸೆಸರ್, ನಡುವೆ 20 ಡಿಗ್ರಿ ಅಂತರ: ಕಾರಣ ಏನು?

ಹುಬ್ಬಳ್ಳಿ ಡಿಟಿಪಿ · ಮೇ 12, ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ಶಾಲೆಗಳ ಪ್ರಶ್ನೆಪತ್ರಿಕೆ, ಇವೇ ನಮ್ಮ ಅನ್ನ. ಹೋದ ದೀಪಾವಳಿಗೆ ಎರಡು ಕಂಪ್ಯೂಟರ್ ಒಟ್ಟಿಗೆ ಕೊಂಡೆವು. ಒಂದೇ ದಿನ, ಒಂದೇ ಬಿಲ್. ಎರಡರಲ್ಲೂ ಇಂಟೆಲ್ ಕೋರ್ ಐ5-12400, ಪ್ರೊಸೆಸರಿನ ಡಬ್ಬಿಯೊಳಗೇ ಬಂದ ಕೂಲರ್, ಒಂದೇ ಬಗೆಯ ಕ್ಯಾಬಿನೆಟ್.

ಮದುವೆ ಹಂಗಾಮಿನಲ್ಲಿ ಕೆಲಸ ಜೋರಾದಾಗ ಬಾಗಿಲ ಬದಿಯ ಕಂಪ್ಯೂಟರ್ ಸದ್ದಿಲ್ಲದೆ ಓಡುತ್ತದೆ. ಒಳಗೋಡೆಯ ಬದಿಯದು ಹಿಟ್ಟಿನ ಗಿರಣಿಯಂತೆ ಬೊಬ್ಬೆ ಹಾಕುತ್ತದೆ. ತಮ್ಮನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಎರಡರಲ್ಲೂ ಸಿನೆಬೆಂಚ್ ಎಂಬ, ಪ್ರೊಸೆಸರನ್ನು ಪೂರ್ತಿ ದುಡಿಸಿ ನೋಡುವ ಪ್ರೋಗ್ರಾಂ ಹಾಕಿ ಹತ್ತು ನಿಮಿಷ ಓಡಿಸಿದ. ಬಾಗಿಲ ಬದಿಯದು 67 ಡಿಗ್ರಿಗೆ ನಿಂತಿತು. ಗೋಡೆ ಬದಿಯದು 87ಕ್ಕೆ ಹೋಯಿತು. ಅಂಗಡಿಯೊಳಗಿನ ಉಷ್ಣತೆ 31.

ಒಂದೇ ಹೆಸರಿನ, ಒಂದೇ ಬೆಲೆಯ ಎರಡು ಚಿಪ್ಪುಗಳ ನಡುವೆ 20 ಡಿಗ್ರಿ ಅಂತರ ಇರಲು ಸಾಧ್ಯವೇ? ಬಳಸಿದ ಮಾಲನ್ನು ಕೊಟ್ಟಿರಬಹುದೆಂಬ ಅನುಮಾನ ನಮ್ಮ ಮನೆಯವರದು. ಗೊತ್ತಿಲ್ಲದೆ ಮಾರಿದವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಕಾರಣ ತಿಳಿಯಬೇಕು.

ಕುಂದಾಪುರ ಕಡಲು · ಮೇ 12, ಬೆಳಿಗ್ಗೆ 11:15

ಮೊದಲು ಎರಡೂ ಪೆಟ್ಟಿಗೆಗಳ ಜಾಗ ಅದಲುಬದಲು ಮಾಡಿ, ಮತ್ತೆ ಅಳೆಯಿರಿ. ಗೋಡೆಗೆ ಒತ್ತಿ ಇಟ್ಟ ಪೆಟ್ಟಿಗೆಯ ಹಿಂದಿನ ಫ್ಯಾನು ಹೊರಗೆ ತಳ್ಳಿದ ಬಿಸಿಗಾಳಿ ಸುತ್ತು ಹೊಡೆದು ಮತ್ತೆ ಒಳಗೇ ಬರುತ್ತದೆ. ಒಳಗೆ ಬರುವ ಗಾಳಿ ಐದು ಡಿಗ್ರಿ ಬಿಸಿಯಾಗಿದ್ದರೆ ಚಿಪ್ಪೂ ಸರಿಸುಮಾರು ಐದು ಡಿಗ್ರಿ ಬಿಸಿ, ಅಷ್ಟೇ ಲೆಕ್ಕ. ಅಂದ ಹಾಗೆ, ಹತ್ತಿರದಲ್ಲಿ ದೇವರ ಪಟ, ಊದುಬತ್ತಿ ಇದೆಯೇ? ನನ್ನ ಮಾವನವರ ಜವಳಿ ಅಂಗಡಿಯ ಗಲ್ಲೆಯ ಕಂಪ್ಯೂಟರಿನಲ್ಲಿ ಊದುಬತ್ತಿಯ ಹೊಗೆ ಹೀಟ್ ಸಿಂಕಿನ, ಅಂದರೆ ಚಿಪ್ಪಿನ ಶಾಖ ಹೀರುವ ಲೋಹದ ತುಂಡಿನ, ರೆಕ್ಕೆಗಳಿಗೆ ಜಿಡ್ಡಾಗಿ ಅಂಟಿ, ಅದರ ಮೇಲೆ ದೂಳು ಕೂತು ಗಟ್ಟಿಯಾಗಿತ್ತು. ಊದಿದರೆ ಹೋಗಲಿಲ್ಲ, ಬ್ರಷ್ಷಿನಲ್ಲಿ ಕೆರೆಯಬೇಕಾಯಿತು.

ರಾಯಚೂರು ಬಿಸಿಲು · ಮೇ 12, ಮಧ್ಯಾಹ್ನ 12:05

ಇದಕ್ಕೆ ಸಿಲಿಕಾನ್ ಲಾಟರಿ ಎನ್ನುತ್ತಾರೆ. ಐದು ಬೆರಳು ಒಂದೇ ಸಮ ಇರುವುದಿಲ್ಲ, ಚಿಪ್ಪುಗಳೂ ಹಾಗೆಯೇ. ನಿಮಗೆ ಒಂದು ಒಳ್ಳೆಯದು ಬಂದಿದೆ, ಒಂದು ಕೆಟ್ಟದ್ದು ಬಂದಿದೆ. ವಾರಂಟಿ ಇರುವಾಗಲೇ ಬದಲಿಸಿಕೊಳ್ಳಿ ಅಣ್ಣ. ನನ್ನ ಇಂಟರ್ನೆಟ್ ಸೆಂಟರಿನಲ್ಲಿ ಐದು ಕಂಪ್ಯೂಟರ್ ಇವೆ, ಐದೂ ಐದು ತರಹ. ನಮ್ಮಲ್ಲಿ ಹತ್ತಿ ಮಾರುಕಟ್ಟೆಯ ಕಾಲಕ್ಕೆ ನೂಲಿನಂಥ ದೂಳು ಹೀಟ್ ಸಿಂಕಿನ ನಡುವೆ ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಅದನ್ನು ತಿಂಗಳಿಗೊಮ್ಮೆ ತೆಗೆಯುತ್ತೇನೆ. ಆದರೂ ಒಂದು ಮಾತ್ರ ಯಾವಾಗಲೂ ಬಿಸಿ. ಅದರ ಹುಟ್ಟುಗುಣವೇ ಹಾಗೆ ಎಂದು ಬಿಟ್ಟಿದ್ದೇನೆ.

ವೇಫರ್ ಕಣ್ಣು · ಮೇ 12, ಸಂಜೆ 6:30

ರಾಯಚೂರಿನವರ ಮಾತಿನಲ್ಲಿ ಸತ್ಯವಿದೆ, ಆದರೆ ಅದರ ಅಳತೆ ದೊಡ್ಡದಾಯಿತು. ಚಿಪ್ ಪರೀಕ್ಷೆಯ ಕೆಲಸದಲ್ಲೇ ಬಹಳ ವರ್ಷ ಕಳೆದವನು ನಾನು. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಪ್ರೊಸೆಸರ್‌ಗಳನ್ನು ಒಂದೊಂದಾಗಿ ಮಾಡುವುದಿಲ್ಲ. 300 ಮಿಲಿಮೀಟರ್ ಅಗಲದ ಸಿಲಿಕಾನ್ ಬಿಲ್ಲೆಯ ಮೇಲೆ, ಅಂದರೆ ವೇಫರಿನ ಮೇಲೆ, ನೂರಾರು ಚಿಪ್ಪುಗಳು ಒಟ್ಟಿಗೆ ಮೂಡುತ್ತವೆ. ಪದರ ಹಾಸುವುದು, ಬೆಳಕಿನಿಂದ ಅಚ್ಚು ಮೂಡಿಸುವುದು, ಕೊರೆಯುವುದು, ಉಜ್ಜಿ ಸಮ ಮಾಡುವುದು, ಮತ್ತೆ ಪದರ ಹಾಸುವುದು. ಹೀಗೆ ನೂರಾರು ಹಂತ. ಅಗಲದ ಹೆಂಚಿನ ಮೇಲೆ ರೊಟ್ಟಿ ಬೇಯಿಸಿದವರಿಗೆ ಗೊತ್ತಿರುತ್ತದೆ, ನಡುಭಾಗ ಒಂದು ಬಗೆ ಬೆಂದರೆ ಅಂಚು ಇನ್ನೊಂದು ಬಗೆ. ಇಲ್ಲಿಯೂ ಪದರದ ದಪ್ಪ, ಅನಿಲದ ಹರಿವು, ಶಾಖ ಇವೆಲ್ಲ ನಡುವಿನಿಂದ ಅಂಚಿಗೆ ತುಸು ಬದಲಾಗುತ್ತವೆ. 2012ರ ಐವಿ ಬ್ರಿಡ್ಜ್ ಎಂಬ ಪೀಳಿಗೆಯಿಂದ ನಿಮ್ಮ ಚಿಪ್ಪಿನವರೆಗೂ ಇಂಟೆಲ್ ಟ್ರಾನ್ಸಿಸ್ಟರನ್ನು, ಅಂದರೆ ಚಿಪ್ಪಿನೊಳಗಿನ ಅತಿ ಸಣ್ಣ ಸ್ವಿಚ್ಚನ್ನು, ಎದ್ದು ನಿಂತ ತೆಳು ಗೋಡೆಯಂತೆ ಕಟ್ಟಿದೆ. ಆ ಗೋಡೆಯ ದಪ್ಪ ಕೆಲವೇ ನ್ಯಾನೊಮೀಟರ್. ಅಲ್ಲಿ ಪರಮಾಣುಗಳ ಒಂದೆರಡು ಸಾಲು ಹೆಚ್ಚುಕಡಿಮೆಯಾದರೂ ಲೆಕ್ಕಕ್ಕೆ ಬರುತ್ತದೆ.

ಇದರಿಂದ ಏನಾಗುತ್ತದೆ? ಟ್ರಾನ್ಸಿಸ್ಟರ್ ಎಷ್ಟು ವೋಲ್ಟೇಜಿಗೆ ತೆರೆದುಕೊಳ್ಳಬೇಕು ಎಂಬ ಗಡಿ ಚಿಪ್ಪಿನಿಂದ ಚಿಪ್ಪಿಗೆ ಜರುಗುತ್ತದೆ. ಗಡಿ ಕೆಳಗಿದ್ದರೆ ಟ್ರಾನ್ಸಿಸ್ಟರ್ ಚುರುಕು, ಆದರೆ ಮುಚ್ಚಿದಾಗಲೂ ವಾಷರ್ ಸವೆದ ನಲ್ಲಿಯಂತೆ ಸೋರುತ್ತದೆ. ಗಡಿ ಮೇಲಿದ್ದರೆ ಸೋರಿಕೆ ಕಡಿಮೆ, ಆದರೆ ಅದೇ ವೇಗಕ್ಕೆ ಹೆಚ್ಚು ವೋಲ್ಟೇಜ್ ಕೇಳುತ್ತದೆ. ಸೋರಿಕೆ ಏರುವ ಪರಿಯೂ ಸಾಮಾನ್ಯದ್ದಲ್ಲ. ಗಡಿ 60ರಿಂದ 100 ಮಿಲಿವೋಲ್ಟ್ ಇಳಿದರೆ ಸೋರಿಕೆ ಹತ್ತು ಪಟ್ಟಾಗುತ್ತದೆ. ಚಿಪ್ ಬಿಸಿಯಾದಷ್ಟೂ ಸೋರಿಕೆ ಹೆಚ್ಚು, ಸೋರಿಕೆ ಹೆಚ್ಚಿದಷ್ಟೂ ಬಿಸಿ ಹೆಚ್ಚು.

ಕಾರ್ಖಾನೆಯಲ್ಲಿ ಪ್ರತಿಯೊಂದು ಚಿಪ್ಪನ್ನೂ ಪರೀಕ್ಷೆಗೆ ಒಡ್ಡುತ್ತಾರೆ. ಯಾವ ವೇಗಕ್ಕೆ ಎಷ್ಟು ವೋಲ್ಟೇಜ್ ಬೇಕು ಎಂಬ ಪಟ್ಟಿಯನ್ನು ಅದರೊಳಗೇ ಅಳಿಸಲಾಗದಂತೆ ಬರೆದುಬಿಡುತ್ತಾರೆ. ವಿಐಡಿ ಎಂದು ನಿಮ್ಮ ಪ್ರೋಗ್ರಾಂ ತೋರಿಸುವುದು ಅದನ್ನೇ. ಇಲ್ಲಿ ಸಣ್ಣ ಅಂತರವೂ ದೊಡ್ಡದು, ಏಕೆಂದರೆ ಟ್ರಾನ್ಸಿಸ್ಟರ್‌ಗಳು ತೆರೆದು ಮುಚ್ಚುವಾಗ ಸುಡುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣ. ಒಂದು ಚಿಪ್ಪು 1.20 ವೋಲ್ಟ್ ಕೇಳಿ ಇನ್ನೊಂದು 1.30 ಕೇಳಿದರೆ ವೋಲ್ಟೇಜಿನ ಅಂತರ ಶೇಕಡ 8, ವಿದ್ಯುತ್ತಿನ ಅಂತರ ಶೇಕಡ 17.

ಒಂದೇ ಹೆಸರಿನ ಚಿಪ್ಪುಗಳು ಹುಟ್ಟಿನಿಂದಲೇ ಒಂದೇ ಅಲ್ಲ ಎನ್ನುವುದು ಹೀಗೆ ನಿಜ. ಆದರೆ ನಿಮ್ಮ ಐ5ರಂಥ ಚಿಪ್ಪಿನಲ್ಲಿ ಇದೊಂದರಿಂದಲೇ 20 ಡಿಗ್ರಿ ಬಂದಿದೆ ಎಂದರೆ ನಾನು ಒಪ್ಪುವುದಿಲ್ಲ.

ಮೈಸೂರು ಉಪನ್ಯಾಸಕಿ · ಮೇ 12, ರಾತ್ರಿ 9:10

ವೇಫರ್ ಕಣ್ಣು ಅವರ ವಿವರಣೆಯನ್ನು ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ, ಧನ್ಯವಾದಗಳು. ಆದರೆ ಹುಬ್ಬಳ್ಳಿಯವರೇ, ಡಿಗ್ರಿಯನ್ನಷ್ಟೇ ನೋಡುತ್ತಾ ಕುಳಿತರೆ ಈ ಗಂಟು ಬಿಚ್ಚುವುದಿಲ್ಲ. ಡಿಗ್ರಿಯ ಪಕ್ಕದಲ್ಲಿ ವಾಟ್ ಬರೆದುಕೊಳ್ಳಿ.

ಚಿಪ್ಪಿನ ಉಷ್ಣತೆಯಲ್ಲಿ ಕೋಣೆಯ ಉಷ್ಣತೆ ಕಳೆಯಿರಿ. ಉಳಿದದ್ದನ್ನು ಚಿಪ್ಪು ಸುಡುತ್ತಿರುವ ವಾಟ್‌ನಿಂದ ಭಾಗಿಸಿ. ಒಂದು ವಾಟ್‌ಗೆ ಎಷ್ಟು ಡಿಗ್ರಿ ಏರುತ್ತಿದೆ ಎಂಬುದು ಸಿಗುತ್ತದೆ. ಅದು ಶಾಖ ಹೊರಹೋಗುವ ದಾರಿಯ ಉಷ್ಣರೋಧ. ಎರಡೂ ಕಂಪ್ಯೂಟರಿನಲ್ಲಿ ಈ ಸಂಖ್ಯೆ ಒಂದೇ ಬಂದು ವಾಟ್ ಮಾತ್ರ ಬೇರೆಯಾಗಿದ್ದರೆ ತನಿಖೆ ನಡೆಯಬೇಕಾದದ್ದು ವಿದ್ಯುತ್ತಿನ ಕಡೆ: ಚಿಪ್ಪಿನ ಗುಣ, ವೋಲ್ಟೇಜ್, ಮದರ್‌ಬೋರ್ಡಿನ (ಪ್ರೊಸೆಸರ್ ಕೂರುವ ಮುಖ್ಯ ಹಲಗೆಯ) ಹೊಂದಾಣಿಕೆ. ವಾಟ್ ಒಂದೇ ಇದ್ದು ಈ ಸಂಖ್ಯೆ ಬೇರೆಯಾಗಿದ್ದರೆ ಸಿಲಿಕಾನನ್ನು ದೂರುವ ಹಾಗೇ ಇಲ್ಲ. 65 ವಾಟ್ ಎಂದರೆ 65 ವಾಟ್. ಅದು ಸೋರಿಕೆಯಿಂದ ಬಂದರೂ ಅಷ್ಟೇ ಬಿಸಿ, ದುಡಿಮೆಯಿಂದ ಬಂದರೂ ಅಷ್ಟೇ ಬಿಸಿ. ಆಗ ಕೂಲರ್, ಅದಕ್ಕೂ ಪ್ರೊಸೆಸರಿಗೂ ನಡುವೆ ಹಚ್ಚುವ ಪೇಸ್ಟ್, ದೂಳು, ಗಾಳಿ ಇವುಗಳಲ್ಲಿ ಒಂದನ್ನು ಹಿಡಿಯಬೇಕು.

ಸುಮ್ಮನಿರುವಾಗಿನ ಉಷ್ಣತೆಯನ್ನು ಹೋಲಿಸಬೇಡಿ. ಇಂಟೆಲ್ ಚಿಪ್ಪಿನೊಳಗಿನ ಸಂವೇದಕ ಹೇಳುವುದು ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿ ಇದೆ ಎಂಬುದನ್ನು. ಮಿತಿಯ ಹತ್ತಿರ ಅದು ನಂಬಿಕಸ್ಥ, 30-40 ಡಿಗ್ರಿಯ ಆಸುಪಾಸಿನಲ್ಲಿ ಅಷ್ಟಲ್ಲ.

ಹುಬ್ಬಳ್ಳಿ ಡಿಟಿಪಿ · ಮೇ 13, ಮಧ್ಯಾಹ್ನ 2:20

ಮೇಡಂ, ನೀವು ಹೇಳಿದಂತೆ ವಾಟ್ ನೋಡಲು ಎಚ್‌ಡಬ್ಲ್ಯುಇನ್ಫೋ ಎಂಬ ಪ್ರೋಗ್ರಾಂ ಹಾಕಿ ನೋಡಿದೆವು. ಪೆಟ್ಟಿಗೆಗಳ ಜಾಗ ಬದಲಿಸಿಯೂ ನೋಡಿದೆವು. ಅಂತರ ಒಂದು ಡಿಗ್ರಿಯಷ್ಟೂ ಕದಲಲಿಲ್ಲ. ತಂಪಿನದು ಸುಡುತ್ತಿರುವುದು 65 ವಾಟ್. ಬಿಸಿಯದು 80 ವಾಟ್. ಹಾಗೆಯೇ, ನಾನು ಮೊದಲೇ ಹೇಳಬೇಕಾಗಿದ್ದ ಒಂದು ವಿಷಯ: ಎರಡರ ಮದರ್‌ಬೋರ್ಡ್ ಬೇರೆ ಬೇರೆ ಕಂಪನಿಯವು. ಕೊಂಡ ದಿನ ಒಂದೇ ಬಗೆಯವು ಎರಡು ಇರಲಿಲ್ಲವಂತೆ. ಪ್ರೊಸೆಸರ್ ಒಂದೇ ತಾನೇ ಎಂದು ನಾನೂ ಸುಮ್ಮನಾಗಿದ್ದೆ.

ಕುಂದಾಪುರ ಕಡಲು · ಮೇ 13, ಮಧ್ಯಾಹ್ನ 2:45

ಸಿಕ್ಕಿತು ನೋಡಿ ಒಂದು ಎಳೆ.

ಹಳೇ ಬೆಸುಗೆ · ಮೇ 13, ಸಂಜೆ 5:00

ಬೋರ್ಡ್ ಬೇರೆ ಎಂದರೆ ಅರ್ಧ ಕತೆ ಅಲ್ಲೇ ಇದೆ. ಐ5-12400ಕ್ಕೆ ಇಂಟೆಲ್ ಹೇಳಿರುವುದು ದೀರ್ಘಕಾಲಕ್ಕೆ 65 ವಾಟ್, ಅಲ್ಪಕಾಲದ ಓಟಕ್ಕೆ 117 ವಾಟ್. ಕೆಲವು ಬೋರ್ಡುಗಳು ಈ ಮಾತನ್ನು ಪಾಲಿಸುತ್ತವೆ. ಅಂದರೆ ಒಂದಷ್ಟು ಸೆಕೆಂಡುಗಳಾದ ಮೇಲೆ 65ಕ್ಕೆ ಇಳಿಸುತ್ತವೆ. ಇನ್ನು ಕೆಲವು ಪೆಟ್ಟಿಗೆಯಿಂದ ತೆಗೆದಾಗಲೇ ಮಿತಿಯನ್ನು ಸಡಿಲಿಸಿಟ್ಟಿರುತ್ತವೆ. ಅಂಥ ಬೋರ್ಡಿನಲ್ಲಿ ಚಿಪ್ಪು ತನಗೆ ಬೇಕಾದಷ್ಟು ಹೊತ್ತು ಬೇಕಾದಷ್ಟು ಸುಡುತ್ತದೆ. ಬಯಾಸ್‌ಗೆ, ಅಂದರೆ ಬೋರ್ಡಿನ ಮೂಲ ಹೊಂದಾಣಿಕೆಗಳ ಪರದೆಗೆ ಹೋಗಿ ಎರಡರಲ್ಲೂ ಮಿತಿಯನ್ನು 65ಕ್ಕೆ ಕೈಯಾರೆ ಬರೆಯಿರಿ, ಆಮೇಲೆ ಹೋಲಿಸಿ.

ತೋರಿಸುವ ಸಂಖ್ಯೆಯ ಬಗ್ಗೆಯೂ ಒಂದು ಹಳೆಯ ನೆನಪು. 2017ರಲ್ಲಿ ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಮೊದಲ ರೈಜೆನ್ ಪ್ರೊಸೆಸರ್‌ಗಳು ಬಂದಾಗ 1700ಎಕ್ಸ್ ಮತ್ತು 1800ಎಕ್ಸ್ ಬಿಸಿ ಎಂದು ಎಲ್ಲರೂ ಹೌಹಾರಿದ್ದರು. ಫ್ಯಾನಿನ ನಡತೆ ಎಲ್ಲ ಮಾದರಿಗಳಲ್ಲಿ ಒಂದೇ ರೀತಿ ಇರಲೆಂದು ಆ ಎರಡು ಮಾದರಿಗಳು ನಿಜವಾದ ಉಷ್ಣತೆಗೆ 20 ಡಿಗ್ರಿ ಕೂಡಿಸಿ ತೋರಿಸುತ್ತಿದ್ದವು. ಎಕ್ಸ್ ಇಲ್ಲದ 1700ರಲ್ಲಿ ಆ ಕೂಡಿಕೆ ಇರಲಿಲ್ಲ. ಎಎಂಡಿಯೇ ಇದನ್ನು ವಿವರಿಸಿ ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ನಿಮ್ಮ ಎರಡೂ ಒಂದೇ ಮಾದರಿಯಾದ್ದರಿಂದ ಆ ತೊಂದರೆ ಇಲ್ಲ. ಆದರೂ ಎರಡರಲ್ಲೂ ಒಂದೇ ಪ್ರೋಗ್ರಾಮಿನ ಒಂದೇ ಸಾಲನ್ನು ನೋಡಿ. ಒಂದರಲ್ಲಿ ಕೋರ್‌ಗಳ (ಚಿಪ್ಪಿನೊಳಗಿನ ಲೆಕ್ಕ ಮಾಡುವ ಘಟಕಗಳ) ಸರಾಸರಿ, ಇನ್ನೊಂದರಲ್ಲಿ ಅತಿ ಬಿಸಿಯ ಕೋರ್ ನೋಡಿದರೆ ಅಲ್ಲೇ ಐದಾರು ಡಿಗ್ರಿ ತಪ್ಪುತ್ತದೆ. ಒಂದೇ ಚಿಪ್ಪಿನೊಳಗೂ ನಡುವಿನ ಕೋರ್‌ಗೆ ಅಕ್ಕಪಕ್ಕದವರ ಶಾಖ ತಾಗುತ್ತದೆ, ಅಂಚಿನದಕ್ಕೆ ಅಷ್ಟು ತಾಗುವುದಿಲ್ಲ.

ಹುಬ್ಬಳ್ಳಿ ಡಿಟಿಪಿ · ಮೇ 14, ಬೆಳಿಗ್ಗೆ 9:30

ಬಿಸಿಯದರ ಬಯಾಸ್‌ನಲ್ಲಿ ಮಿತಿಯ ಜಾಗದಲ್ಲಿ 4095 ಎಂದು ಬರೆದಿತ್ತು, ಅಂದರೆ ಮಿತಿಯೇ ಇಲ್ಲದಂತೆ! 65 ಎಂದು ಬರೆದು ಉಳಿಸಿದೆವು. ಈಗ ಎರಡೂ 65 ವಾಟ್. ಕೋಣೆ ಅದೇ 31 ಡಿಗ್ರಿ. ತಂಪಿನದು 67, ಬಿಸಿಯದು 77. ಹತ್ತು ಡಿಗ್ರಿ ಇಳಿಯಿತು, ಹತ್ತು ಉಳಿಯಿತು. ಫ್ಯಾನಿನ ಸದ್ದೂ ಅರ್ಧಕ್ಕೆ ಬಂತು.

ಮೈಸೂರು ಉಪನ್ಯಾಸಕಿ · ಮೇ 14, ಬೆಳಿಗ್ಗೆ 10:05

ಈಗ ಭಾಗಿಸಿ ನೋಡೋಣ. ತಂಪಿನದು: 67ರಲ್ಲಿ 31 ಕಳೆದರೆ 36, ಅದನ್ನು 65ರಿಂದ ಭಾಗಿಸಿದರೆ ವಾಟ್‌ಗೆ 0.55 ಡಿಗ್ರಿ. ಬಿಸಿಯದು: 46ನ್ನು 65ರಿಂದ ಭಾಗಿಸಿದರೆ 0.71. ನಿನ್ನೆಯ ಲೆಕ್ಕವನ್ನೂ ತೆಗೆಯಿರಿ: 87ರಲ್ಲಿ 31 ಹೋದರೆ 56, ಅದನ್ನು 80ರಿಂದ ಭಾಗಿಸಿದರೆ 0.70. ವಾಟ್ ಬದಲಾದರೂ ಈ ಸಂಖ್ಯೆ ಬದಲಾಗಲಿಲ್ಲ, ಗಮನಿಸಿದಿರಾ? ಆ ಕಂಪ್ಯೂಟರಿನ ಶಾಖದ ದಾರಿಯಲ್ಲೇ ಏನೋ ಅಡ್ಡ ಕೂತಿದೆ. ಉಳಿದ ಹತ್ತು ಡಿಗ್ರಿಯನ್ನು ಚಿಪ್ಪಿನ ಹುಟ್ಟುಗುಣಕ್ಕೆ ಕಟ್ಟಲು ಆಗದು. ಕೂಲರ್ ಬಿಚ್ಚಲೇಬೇಕು.

ವೇಫರ್ ಕಣ್ಣು · ಮೇ 14, ಮಧ್ಯಾಹ್ನ 1:15

ಲೆಕ್ಕ ಸರಿಯಾಗಿದೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಪ್ರೋಗ್ರಾಂ ತೋರಿಸುವ ವಾಟ್, ಬೋರ್ಡ್ ವರದಿ ಮಾಡಿದ ಕರೆಂಟು ಮತ್ತು ವೋಲ್ಟೇಜನ್ನು ಆಧರಿಸಿದ್ದು. ಬೋರ್ಡಿನ ಲೋಡ್‌ಲೈನ್ ಹೊಂದಾಣಿಕೆ (ಕರೆಂಟು ಹೆಚ್ಚಿದಂತೆ ವೋಲ್ಟೇಜ್ ಎಷ್ಟು ಇಳಿಯಬೇಕು ಎಂಬುದು) ತಪ್ಪಿದ್ದರೆ ಚಿಪ್ಪು ನಿಜವಾಗಿ ಸುಡುವುದೇ ಒಂದು, ಪರದೆಯ ಮೇಲೆ ಕಾಣುವುದೇ ಇನ್ನೊಂದು. ಎರಡೂ ಬೋರ್ಡ್ ಬೇರೆ ಕಂಪನಿಯವಾದ್ದರಿಂದ ಸಾಧ್ಯವಾದರೆ ಗೋಡೆಯ ಪ್ಲಗ್ಗಿಗೆ ಹಾಕುವ ವಾಟ್ ಮೀಟರಿನಿಂದಲೂ ಒಮ್ಮೆ ತಾಳೆ ನೋಡಿ.

ಇನ್ನೊಂದು ವಿಚಾರವನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಐ5-12400 ಎಂಬ ಒಂದೇ ಹೆಸರಿನಡಿ ಎರಡು ಬಗೆಯ ಸಿಲಿಕಾನ್ ತುಂಡುಗಳು ಮಾರಾಟವಾಗಿವೆ. ಸಿ0 ಎಂಬುದು ದೊಡ್ಡಣ್ಣ. ಮೇಲ್ದರ್ಜೆಯ ಐ9ಕ್ಕೆಂದು ಮಾಡಿದ ತುಂಡಿನಲ್ಲಿ ಎರಡು ದೊಡ್ಡ ಕೋರ್‌ಗಳನ್ನೂ ಎಲ್ಲ ಚಿಕ್ಕ ಕೋರ್‌ಗಳನ್ನೂ ಮುಚ್ಚಿರುತ್ತಾರೆ. ಎಚ್0 ಎಂಬುದು ಆರೇ ಕೋರ್‌ಗಳಿಗೆಂದು ಮಾಡಿದ ಚಿಕ್ಕ ತುಂಡು. ಡಬ್ಬಿಯ ಮೇಲೆ ಹೆಸರು ಒಂದೇ, ಬೆಲೆ ಒಂದೇ, ವೇಗ ಒಂದೇ, ಒಳಗಿನ ಕಲ್ಲು ಬೇರೆ. ಶಾಖ ಹರಡುವ ವಿಸ್ತೀರ್ಣವೂ ಬೇರೆ. ಸಿಪಿಯು-ಝಡ್ ಎಂಬ ಪ್ರೋಗ್ರಾಮಿನಲ್ಲಿ ರಿವಿಷನ್ ಎಂಬ ಸಾಲು ನೋಡಿ.

ಮೊಬೈಲಿನಲ್ಲೂ ಹೀಗೆ ಆಗಿದೆ. 2015ರ ಐಫೋನ್ 6ಎಸ್‌ನ ಎ9 ಚಿಪ್ಪನ್ನು ಸ್ಯಾಮ್‌ಸಂಗ್ 14 ನ್ಯಾನೊಮೀಟರ್ ವಿಧಾನದಲ್ಲೂ ಟಿಎಸ್‌ಎಂಸಿ 16 ನ್ಯಾನೊಮೀಟರ್ ವಿಧಾನದಲ್ಲೂ ತಯಾರಿಸಿದವು. ಬ್ಯಾಟರಿ ಬಾಳಿಕೆಯ ಬಗ್ಗೆ ಜನ ಕೇಳಿದಾಗ, ನಿತ್ಯದ ಬಳಕೆಯಲ್ಲಿ ಅಂತರ ಶೇಕಡ 2-3 ಮಾತ್ರ ಎಂದು ಆಪಲ್ ಹೇಳಿತ್ತು.

ಹುಬ್ಬಳ್ಳಿ ಡಿಟಿಪಿ · ಮೇ 14, ಸಂಜೆ 7:40

ನೋಡಿದೆ ಸರ್. ಎರಡೂ ಎಚ್0. 2024ರಲ್ಲಿ ಇಂಟೆಲ್ ಚಿಪ್ಪುಗಳು ಹೆಚ್ಚು ವೋಲ್ಟೇಜಿನಿಂದ ಹಾಳಾದವು ಎಂದು ಓದಿದ್ದೆ. ಮಿತಿಯಿಲ್ಲದೆ ಆರು ತಿಂಗಳು ಓಡಿದ ನನ್ನ ಚಿಪ್ಪಿಗೆ ಏನಾದರೂ ಪೆಟ್ಟಾಗಿದೆಯೇ ಎಂದು ಹೆದರಿಕೆ.

ವೇಫರ್ ಕಣ್ಣು · ಮೇ 14, ರಾತ್ರಿ 8:15

ಹೆದರಬೇಡಿ. ಆ ತೊಂದರೆ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್ಪುಗಳದ್ದು. ನಿಮ್ಮದು 12ನೇ ಪೀಳಿಗೆಯದು, ಅದಕ್ಕೆ ತಟ್ಟಿಲ್ಲ. ನಿಮ್ಮ ಚಿಪ್ಪಿನ ಗರಿಷ್ಠ ಮಿತಿ 100 ಡಿಗ್ರಿ. ಅದನ್ನು ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. 87 ಡಿಗ್ರಿ ಕೇಳಲು ಇಂಪಲ್ಲ, ಅಪಾಯವೂ ಅಲ್ಲ.

ರಾಯಚೂರು ಬಿಸಿಲು · ಮೇ 14, ರಾತ್ರಿ 9:00

ಸಿಲಿಕಾನ್ ಎಂದು ನಾನು ಅವಸರಪಟ್ಟು ಹೇಳಿದೆ, ಒಪ್ಪುತ್ತೇನೆ. ಕೂಲರ್ ಬಿಚ್ಚಿದಾಗ ಹೊಸ ಪೇಸ್ಟನ್ನು ಧಾರಾಳವಾಗಿ ಹಚ್ಚಿ ಅಣ್ಣ, ಹೆಚ್ಚು ಹಚ್ಚಿದಷ್ಟೂ ತಂಪು.

ಮೈಸೂರು ಉಪನ್ಯಾಸಕಿ · ಮೇ 14, ರಾತ್ರಿ 9:20

ಹಾಗಲ್ಲ. ಶಾಖ ಸಾಗಿಸುವ ಶಕ್ತಿಯನ್ನು ಒಂದೇ ಅಳತೆಗೋಲಿನಲ್ಲಿ ಹೇಳಿದರೆ ತಾಮ್ರದ್ದು ಸುಮಾರು 400, ಸಾಮಾನ್ಯ ಪೇಸ್ಟಿನದು ಒಂದಂಕಿ, ಗಾಳಿಯದು 0.026. ಗಾಳಿಗೆ ಹೋಲಿಸಿದರೆ ಪೇಸ್ಟ್ ದೇವರು, ಲೋಹಕ್ಕೆ ಹೋಲಿಸಿದರೆ ಗೋಡೆ. ಲೋಹ ಲೋಹಕ್ಕೆ ಕೂತಾಗ ನಡುವೆ ಉಳಿಯುವ ಕಣ್ಣಿಗೆ ಕಾಣದ ಗಾಳಿಯ ಸಂದುಗಳನ್ನು ತುಂಬುವಷ್ಟೇ ಅದರ ಕೆಲಸ. ತೆಳುವಾಗಿರಬೇಕು. ನಡುವಿನಲ್ಲಿ ಬಟಾಣಿ ಕಾಳಿನಷ್ಟು ಇಟ್ಟು ಕೂಲರನ್ನು ಸಮನಾಗಿ ಒತ್ತಿದರೆ ತಾನೇ ಹರಡಿಕೊಳ್ಳುತ್ತದೆ.

ಹಳೇ ಬೆಸುಗೆ · ಮೇ 14, ರಾತ್ರಿ 10:30

ಪೇಸ್ಟಿನ ದಪ್ಪ ಎಂದಾಗ ಐವಿ ಬ್ರಿಡ್ಜ್ ನೆನಪಾಗುತ್ತದೆ. ಪ್ರೊಸೆಸರಿನ ಮೇಲೆ ಕಾಣುವ ಬೆಳ್ಳಿ ಬಣ್ಣದ ಮುಚ್ಚಳ ಚಿಪ್ಪಲ್ಲ, ಶಾಖ ಹರಡುವ ತಾಮ್ರದ ಮುಚ್ಚಳ. ನಿಜವಾದ ಚಿಪ್ಪು ಅದರ ಕೆಳಗೆ. 2011ರ ಸ್ಯಾಂಡಿ ಬ್ರಿಡ್ಜ್‌ನಲ್ಲಿ ಇವೆರಡರ ನಡುವೆ ಲೋಹದ ಬೆಸುಗೆ ಇತ್ತು. 2012ರಲ್ಲಿ ಐವಿ ಬ್ರಿಡ್ಜ್ ಬಂದಾಗ ಬೆಸುಗೆಯ ಜಾಗಕ್ಕೆ ಪೇಸ್ಟ್ ಬಂತು. ಮುಚ್ಚಳವನ್ನು ಅಂಚಿನಲ್ಲಿ ಹಿಡಿದಿಟ್ಟ ಕಪ್ಪು ಅಂಟು ಎಷ್ಟು ದಪ್ಪಕ್ಕೆ ಕೂತಿದೆ ಎಂಬುದರ ಮೇಲೆ ಒಳಗಿನ ಪೇಸ್ಟಿನ ದಪ್ಪ ನಿರ್ಧಾರವಾಗುತ್ತಿತ್ತು. ಕೂದಲೆಳೆಯಷ್ಟು ಹೆಚ್ಚು ಅಂಟು ಬಿದ್ದ ಚಿಪ್ಪು ತನ್ನ ಜೋಡಿಗಿಂತ ಬಿಸಿ. ನಾನು ನನ್ನ ಐವಿ ಬ್ರಿಡ್ಜ್ ಪ್ರೊಸೆಸರಾದ 3770ಕೆಯ ಮುಚ್ಚಳವನ್ನು ಬ್ಲೇಡಿನಿಂದ ಬಿಡಿಸಿದ್ದೆ. ಒಂದೊಂದು ಮೂಲೆಗೂ ಉಸಿರು ಬಿಗಿಹಿಡಿದು ಬ್ಲೇಡ್ ಜರುಗಿಸಿದೆ. ಅಂಟು ಕೆರೆದು, ಹೊಸ ಪೇಸ್ಟ್ ಇಟ್ಟು ಮುಚ್ಚಿದ ಮೇಲೆ ಹತ್ತಕ್ಕೂ ಹೆಚ್ಚು ಡಿಗ್ರಿ ಇಳಿಯಿತು. ಚಿಪ್ಪು ಅದೇ, ಕೂಲರ್ ಅದೇ. ಇಂಟೆಲ್ 2018ರಲ್ಲಿ ಐ9-9900ಕೆಯೊಂದಿಗೆ ಮತ್ತೆ ಬೆಸುಗೆಗೆ ಮರಳಿತು.

ನಿಮ್ಮ 12ನೇ ಪೀಳಿಗೆಗೆ ಬೇರೊಂದು ಕಾಟವಿದೆ. ಪ್ರೊಸೆಸರ್ ಈಗ ಚೌಕವಲ್ಲ, 37.5 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಉದ್ದ. ಸಾಕೆಟ್ಟಿನ ಕೊಂಡಿ ಉದ್ದನೆಯ ಎರಡು ಬದಿಗಳನ್ನು ನಡುವಿನಲ್ಲಿ ಒತ್ತುತ್ತದೆ. ಮುಚ್ಚಳ ನಡುವಿನಲ್ಲಿ ತುಸು ತಗ್ಗುತ್ತದೆ, ತುದಿಗಳು ಏಳುತ್ತವೆ. ಕೂಲರಿನ ತಳ ಎಷ್ಟೇ ಸಪಾಟಾಗಿದ್ದರೂ ನಡುವೆ ಪೇಸ್ಟ್ ದಪ್ಪವಾಗಿ ನಿಲ್ಲುತ್ತದೆ. ಇದಕ್ಕೆಂದೇ ಬದಲಿ ಚೌಕಟ್ಟುಗಳು ಮಾರುಕಟ್ಟೆಯಲ್ಲಿವೆ. ಆದರೆ ಎರಡೂ ಕಂಪ್ಯೂಟರಿನಲ್ಲಿ ಇದೇ ಸಾಕೆಟ್ ಇರುವಾಗ ಹತ್ತು ಡಿಗ್ರಿ ಅಂತರಕ್ಕೆ ಇದು ಕಾರಣವಾಗಲಾರದು. ನನ್ನ ಅನುಮಾನವೆಲ್ಲ ಕೂಲರಿನ ನಾಲ್ಕು ಪಿನ್ನುಗಳ ಮೇಲೆ. ಬೋರ್ಡನ್ನು ಹೊರತೆಗೆದು ಹಿಂಬದಿ ನೋಡಿ. ನಾಲ್ಕೂ ಕಡೆ ಬಿಳಿ ಪ್ಲಾಸ್ಟಿಕ್ಕಿನ ಸೀಳು ಅಗಲವಾಗಿ, ನಡುವೆ ಕಪ್ಪು ಕಡ್ಡಿ ಪೂರ್ತಿ ಇಳಿದಿರಬೇಕು.

ಹುಬ್ಬಳ್ಳಿ ಡಿಟಿಪಿ · ಮೇ 17, ರಾತ್ರಿ 8:50

ಇವತ್ತು ಭಾನುವಾರ, ಅಂಗಡಿಯ ಬಾಗಿಲು ಅರ್ಧ ಎಳೆದು ಕುಳಿತೆವು. ಬಿಸಿಯ ಕಂಪ್ಯೂಟರಿನ ಬೋರ್ಡನ್ನು ಹಳೆಯ ಕ್ಯಾಲೆಂಡರಿನ ಮೇಲೆ ಮಗುಚಿ ಇಟ್ಟು ಟಾರ್ಚ್ ಹಿಡಿದೆವು. ಮೂರು ಪಿನ್ನುಗಳು ನೀವು ಹೇಳಿದಂತೆಯೇ ಇದ್ದವು. ನಾಲ್ಕನೆಯದು, ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಡಬ್ಬಿ) ತಂತಿಯ ಕಟ್ಟು ಅಡ್ಡ ಬರುವ ಮೂಲೆಯದು, ರಂಧ್ರದಿಂದ ಸ್ವಲ್ಪವೇ ಇಣುಕಿತ್ತು. ಸೀಳು ಅಗಲವಾಗಿಯೇ ಇರಲಿಲ್ಲ, ಕಪ್ಪು ಕಡ್ಡಿ ಅರ್ಧಕ್ಕೆ ನಿಂತಿತ್ತು. ಮುಂಬದಿಯಿಂದ ನೋಡಿದರೆ ನಾಲ್ಕೂ ಒಂದೇ ಥರ ಕಾಣುತ್ತವೆ. ಬೆರಳಿನಿಂದ ಅಲ್ಲಾಡಿಸಿದಾಗ ಆ ಮೂಲೆ ಹಾಲುಹಲ್ಲಿನಂತೆ ಆಡಿತು.

ಕೂಲರ್ ತೆಗೆದಾಗ ಪೇಸ್ಟೇ ಎಲ್ಲ ಹೇಳಿತು. ಮೂರು ಮೂಲೆಗಳ ಕಡೆ ತೆಳ್ಳಗೆ ಹರಡಿ ಕೆಳಗಿನ ಲೋಹದ ಹೊಳಪು ಕಾಣುತ್ತಿತ್ತು. ನಾಲ್ಕನೆಯ ಮೂಲೆಯ ಕಡೆ ಕಾರ್ಖಾನೆಯಲ್ಲಿ ಹಚ್ಚಿದ ಪಟ್ಟಿಗಳ ಗುರುತು ಹಾಗೇ ಉಳಿದಿತ್ತು. ಅಲ್ಲಿ ಪ್ರೊಸೆಸರ್ ಅದಕ್ಕೆ ಒಮ್ಮೆಯೂ ಸರಿಯಾಗಿ ತಾಗಿಯೇ ಇರಲಿಲ್ಲ.

ಎರಡೂ ಕಂಪ್ಯೂಟರಿನ ಹಳೆಯ ಪೇಸ್ಟ್ ಒರೆಸಿ, ಒಂದೇ ಟ್ಯೂಬಿನಿಂದ ಹೊಸದನ್ನು ಹಚ್ಚಿ, ಪಿನ್ನುಗಳನ್ನು ಕರ್ಣಕ್ಕೆ ಕರ್ಣ ಒತ್ತಿದೆವು. ನಾಲ್ಕೂ ಟಕ್ ಎಂದ ಮೇಲೆ ಹಿಂಬದಿ ನೋಡಿ ಖಾತ್ರಿ ಮಾಡಿಕೊಂಡೆವು. ಮಳೆ ಬಂದು ಕೋಣೆ 29ಕ್ಕೆ ಇಳಿದಿತ್ತು. 65 ವಾಟ್ ಮಿತಿಯಲ್ಲಿ ಒಂದು 64, ಇನ್ನೊಂದು 65.

ಮನೆಯವರಿಗೂ ತೋರಿಸಿದೆ. ಬಳಸಿದ ಮಾಲೆಂಬ ಅನುಮಾನ ಹೋಯಿತು. ಜೋಡಿಸಿದ ಕೈ ಅವಸರದ್ದಾಗಿತ್ತು, ಅಷ್ಟೇ.

ವೇಫರ್ ಕಣ್ಣು · ಮೇ 17, ರಾತ್ರಿ 9:30

ಬಹಳ ಸಂತೋಷ. ನಿಮ್ಮ ತಮ್ಮನ ಮಗನಿಗೆ ಬೇಸರವಿಲ್ಲದಿದ್ದರೆ ಇನ್ನೊಂದು ಕೆಲಸ ಮಾಡಲಿ. 65ರ ಮಿತಿಯಲ್ಲಿ ಉಷ್ಣತೆ ಒಂದೇ ಬಂದಿತೆಂದರೆ ಚಿಪ್ಪುಗಳೂ ಒಂದೇ ಎಂದಾಗದು. ಮಿತಿ ಇದ್ದಾಗ ಸಿಲಿಕಾನಿನ ಭೇದ ಡಿಗ್ರಿಯಲ್ಲಿ ಕಾಣುವುದಿಲ್ಲ, ವೇಗದಲ್ಲಿ ಕಾಣುತ್ತದೆ. ಎರಡೂ ಎಷ್ಟು ಗಿಗಾಹರ್ಟ್ಸ್‌ನಲ್ಲಿ ಓಡುತ್ತಿವೆ ನೋಡಲಿ. ಆಮೇಲೆ ಎರಡರ ಮಿತಿಯನ್ನೂ ತೆಗೆದು ವಾಟ್ ನೋಡಲಿ. ಕೊನೆಗೆ ಪ್ರೊಸೆಸರ್‌ಗಳನ್ನು ಅದಲುಬದಲು ಮಾಡಿ ಮತ್ತೆ ನೋಡಲಿ. ಸಾಕೆಟ್ಟಿನೊಳಗಿನ ಸೂಜಿಗಳಿಗೆ ಬೆರಳು ತಾಗದಂತೆ ಎಚ್ಚರ. ಒಂದು ಬಾಗಿದರೂ ಬೋರ್ಡ್ ಹೋಯಿತು.

ಹುಬ್ಬಳ್ಳಿ ಡಿಟಿಪಿ · ಮೇ 24, ಸಂಜೆ 6:15

ಹುಡುಗನಿಗೆ ಬೇಸರವೆಲ್ಲಿಯದು, ವಾರವಿಡೀ ಭಾನುವಾರಕ್ಕೆ ಕಾದಿದ್ದ. ಅವನು ಬರೆದುಕೊಂಡ ಹಾಳೆಯನ್ನು ನೋಡಿ ಬರೆಯುತ್ತಿದ್ದೇನೆ.

65 ವಾಟ್ ಮಿತಿಯಲ್ಲಿ ಬಾಗಿಲ ಬದಿಯದು ಸುಮಾರು 3.9 ಗಿಗಾಹರ್ಟ್ಸ್, ಗೋಡೆ ಬದಿಯದು 3.7. ಮಿತಿ ತೆಗೆದಾಗ ಎರಡೂ 4.0ಕ್ಕೆ ಏರಿ ನಿಂತವು. ಆಗ ಮೊದಲನೆಯದು 71 ವಾಟ್, 68 ಡಿಗ್ರಿ. ಎರಡನೆಯದು 78 ವಾಟ್, 72 ಡಿಗ್ರಿ. ಮೇಡಂ ಹೇಳಿದ ಭಾಗಾಕಾರ ಎರಡರಲ್ಲೂ 0.55. ಇಲ್ಲಿಗೆ ಏಳು ವಾಟ್ ಸಿಲಿಕಾನಿನದು ಎಂದುಕೊಂಡೆವು.

ಪ್ರೊಸೆಸರ್ ಅದಲುಬದಲು ಮಾಡಿದ ಮೇಲೆ ಬೇರೆಯೇ ಕಂಡಿತು. ಗೋಡೆ ಬದಿಯ ಚಿಪ್ಪನ್ನು ಬಾಗಿಲ ಬದಿಯ ಬೋರ್ಡಿಗೆ ಹಾಕಿದರೆ 75 ವಾಟ್. ಬಾಗಿಲ ಬದಿಯ ಚಿಪ್ಪು ಆ ಇನ್ನೊಂದು ಬೋರ್ಡಿನಲ್ಲಿ 74 ವಾಟ್. ಅಂದರೆ ಏಳರಲ್ಲಿ ನಾಲ್ಕು ವಾಟ್ ಚಿಪ್ಪಿನದು, ಮೂರು ವಾಟ್ ಬೋರ್ಡಿನದು. ಒಂದೇ ಬೋರ್ಡಿನಲ್ಲಿ ಕೂತಾಗ ಒಂದು ಚಿಪ್ಪು ಕೇಳುವುದು 1.08 ವೋಲ್ಟ್, ಇನ್ನೊಂದು 1.11. ನಾಲ್ಕು ವಾಟ್ ಎಂದರೆ ಡಿಗ್ರಿಯಲ್ಲಿ ಬರೀ ಎರಡು. 20 ಡಿಗ್ರಿಗೆಂದು ಇಲ್ಲಿಗೆ ಬಂದವನು ನಾನು, ಅದರಲ್ಲಿ ಸಿಲಿಕಾನಿನ ಪಾಲು ಇಷ್ಟು.

ಮೈಸೂರು ಉಪನ್ಯಾಸಕಿ · ಮೇ 24, ಸಂಜೆ 7:00

1.11ನ್ನು 1.08ರಿಂದ ಭಾಗಿಸಿ ವರ್ಗ ಮಾಡಿದರೆ 1.056. ಅದನ್ನು 71ರಿಂದ ಗುಣಿಸಿದರೆ 75. ಕಾಗದದ ಮೇಲಿನ ಸೂತ್ರ ಅಂಗಡಿಯ ಮೇಜಿನ ಮೇಲೆ ಇಷ್ಟು ನೇರವಾಗಿ ಕೂಡಿಬಂದದ್ದು ಕಂಡು ಮನಸ್ಸು ತುಂಬಿತು. ಆ ಹಾಳೆಯ ಚಿತ್ರ ಕಳುಹಿಸಿದರೆ ನನ್ನ ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ.

ಕುಂದಾಪುರ ಕಡಲು · ಮೇ 24, ಸಂಜೆ 7:25

ಈಗ ಮಿತಿ 65ಕ್ಕೇ ಇಡುತ್ತೀರೋ, ತೆಗೆಯುತ್ತೀರೋ?

ಹುಬ್ಬಳ್ಳಿ ಡಿಟಿಪಿ · ಮೇ 24, ಸಂಜೆ 7:50

65ಕ್ಕೇ ಇಟ್ಟಿದ್ದೇನೆ. ಪತ್ರಿಕೆ ವಿನ್ಯಾಸ ಮಾಡುವಾಗ 3.7ಕ್ಕೂ 4.0ಕ್ಕೂ ನನ್ನ ಕೈಗೆ ವ್ಯತ್ಯಾಸ ತಿಳಿಯುವುದಿಲ್ಲ. ಸದ್ದು ಕಡಿಮೆಯಾದದ್ದು ಕಿವಿಗೆ ತಿಳಿಯುತ್ತದೆ.

ರಾಯಚೂರು ಬಿಸಿಲು · ಮೇ 27, ರಾತ್ರಿ 11:10

ಅಣ್ಣ, ಮೇಡಂ, ನಿಮ್ಮ ಲೆಕ್ಕವನ್ನು ನನ್ನ ಐದು ಕಂಪ್ಯೂಟರಿಗೂ ಹಾಕಿದೆ. ಸೆಂಟರ್ ಮುಚ್ಚಿದ ಮೇಲೆ ಒಂದೊಂದನ್ನೇ ಓಡಿಸಿ ಬರೆದುಕೊಂಡೆ. ಅಷ್ಟು ಹೊತ್ತಿಗೂ ಕೋಣೆಯಲ್ಲಿ 36 ಡಿಗ್ರಿ. ಐದಕ್ಕೂ ಒಂದೇ ಬಗೆಯ ಟವರ್ ಕೂಲರ್. ನಾಲ್ಕು ಕಂಪ್ಯೂಟರ್ 0.4ರ ಆಸುಪಾಸು. ಹುಟ್ಟುಗುಣವೆಂದು ನಾಲ್ಕು ವರ್ಷ ಬಿಟ್ಟಿದ್ದ ಐದನೆಯದು 0.8!

ಈಗಷ್ಟೇ ಬಿಚ್ಚಿದೆ. ಕೂಲರಿನ ತಳಕ್ಕೆ ಅಂಟಿಸಿ ಕಳುಹಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಒಂದು ಬದಿಗೆ ಪೇಸ್ಟ್, ಇನ್ನೊಂದು ಬದಿಗೆ ಕನ್ನಡಿಯಂಥ ತಾಮ್ರ, ನಡುವೆ ಆ ಹಾಳೆ. ಜೋಡಿಸುವ ಮುನ್ನ ಇದನ್ನು ತೆಗೆಯಿರಿ ಎಂದು ಅದರ ಮೇಲೆ ಕೆಂಪಕ್ಷರದಲ್ಲಿ ಅಚ್ಚಾಗಿದೆ, ಇವತ್ತಿಗೂ ಓದಲು ಬರುತ್ತದೆ. ಸುಲಿದು ತೆಗೆದು, ಹೊಸ ಪೇಸ್ಟನ್ನು ಬಟಾಣಿಯಷ್ಟೇ ಇಟ್ಟು ಜೋಡಿಸಿದೆ. ಹತ್ತು ನಿಮಿಷ ಓಡಿಸಿದೆ. 0.41.